ಕುದುರೆಗೆ ಫ್ಯಾನಿದೆ, ಸೈಸ್‌ಗೆ ಮಂಚ ಇದೆಯಾ?

ಬೆಂಗಳೂರಿನ ಸುತ್ತಮುತ್ತ ತೋಟದ ಜಮೀನುಗಳಲ್ಲಿ ಈಗ ಕುದುರೆ ಲಾಯಗಳು ಕಾಣುತ್ತವೆ. ಪೇಟೆಯಲ್ಲಿರುವ ಮಾಲೀಕರು ತಮ್ಮ ಕುದುರೆಯನ್ನು ಇಲ್ಲಿ ಬಿಟ್ಟು ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ. ಕುದುರೆಗೆ ಹಾಸ್ಟೆಲ್ ಅಂದುಕೊಳ್ಳಿ. ಭಾನುವಾರ ಬಂದು ಸವಾರಿ ಮಾಡಿ ಹೋಗುತ್ತಾರೆ. ಉಳಿದ ಆರು ದಿನ ಲದ್ದಿ ಬಾಚುವುದು, ಮೈ ತಿಕ್ಕುವುದು, ಹುಲ್ಲು ಹಾಕುವುದು ಸೈಸ್‌ಗಳ ಕೆಲಸ. ಆ ಕೆಲಸಕ್ಕೆ ಹೋಗುವವರು ನಮ್ಮ ನಿಮ್ಮಂಥವರ ಮನೆ ಹುಡುಗರು. ಹಾಗಾಗಿ ಲಾಯದ ಸೌಲಭ್ಯ ಅನ್ನುವುದು ದುಡ್ಡಿದ್ದವರ ವಿಷಯ ಅಂತ ಬಿಡುವ ಹಾಗಿಲ್ಲ.

ಜಾಹೀರಾತಿನಲ್ಲಿ ಫ್ಯಾನು, ಶವರ್, ಮರಳಿನ ಅಂಗಳ, ಕಾರು ನಿಲ್ಲಿಸಲು ಜಾಗ, ಕಾಫಿ ಎಲ್ಲ ಇರುತ್ತದೆ. ಫ್ಯಾನು ತಪ್ಪಲ್ಲ, ಬೇಸಿಗೆಯಲ್ಲಿ ನೊಣವಾದರೂ ದೂರ ಇರುತ್ತದೆ. ಆದರೆ ಕುದುರೆಗೆ ಮೊದಲು ಬೇಕಾದ್ದು ಬೇರೆ.

ಹಸು ಗಬಗಬನೆ ಮೇಯ್ದು ಬಂದು ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಮೈ ಎಷ್ಟೇ ದೊಡ್ಡದಿದ್ದರೂ ಜಠರ ಚಿಕ್ಕದು, ಬಯಲಿನಲ್ಲಿ ಬಿಟ್ಟರೆ ದಿನಕ್ಕೆ 14-16 ಗಂಟೆ ಸ್ವಲ್ಪ ಸ್ವಲ್ಪವೇ ಮೇಯುತ್ತದೆ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ. ಬೆಳಿಗ್ಗೆ ಸಂಜೆ ಬಕೆಟ್ ತುಂಬ ಹುರುಳಿ ಕೊಟ್ಟು ನಡುವೆ ಖಾಲಿ ನಿಲ್ಲಿಸಿದರೆ ಹೊಟ್ಟೆಶೂಲೆ ಬರುತ್ತದೆ. ಶೂಲೆಯಿಂದ ಕುದುರೆ ಸಾಯುವುದೂ ಉಂಟು. 400 ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು 8 ಕೆಜಿ ಒಣಹುಲ್ಲು, 25ರಿಂದ 40 ಲೀಟರ್ ನೀರು ಬೇಕು. ಸೆಖೆಯಲ್ಲಿ ಇನ್ನೂ ಹೆಚ್ಚು. ಜೊತೆಗೆ ಇನ್ನೊಂದು ಕುದುರೆಯ ಸಂಗಡ ಓಡಾಡಲು ಬಯಲು. 12 ಅಡಿ ಉದ್ದಗಲದ ಕೋಣೆಯಲ್ಲಿ ಇಡೀ ದಿನ ನಿಂತಿರುವ ಕುದುರೆಗೆ ಶವರ್ ಇದ್ದರೇನು, ಬಿಟ್ಟರೇನು?

ಶೂಲೆ ಹಗಲು ನೋಡಿಕೊಂಡು ಬರುವುದಿಲ್ಲ. ಕುದುರೆ ಕಾಲು ಕೆರೆಯುತ್ತದೆ, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳಾಡುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ಕಂಡು ಡಾಕ್ಟರಿಗೆ ಫೋನ್ ಮಾಡುವವನು ಮಾಲೀಕನಲ್ಲ, ಸೈಸ್.

ಆ ಸೈಸ್ ಎಲ್ಲಿ ಮಲಗುತ್ತಾನೆ? ವರದಿಗೆಂದು ಹೋದ ಒಂದು ಲಾಯದಲ್ಲಿ ಹನ್ನೆರಡು ಕುದುರೆಗೆ ಇಬ್ಬರು ಹುಡುಗರಿದ್ದರು. ಪ್ರತಿ ಕುದುರೆಯ ತಲೆಯ ಮೇಲೂ ಫ್ಯಾನು. ಹುಡುಗರು ಮಲಗುವುದು ಹುಲ್ಲಿನ ಕೋಣೆಯಲ್ಲಿ, ಗೋಣಿಚೀಲದ ಮೇಲೆ. ಕಕ್ಕಸಿಗೆ ಬೇಲಿ ದಾಟಿ ಹೋಗಬೇಕು. ಕೇಳಿದರೆ ಅವರಿಗೆ ಅಭ್ಯಾಸ ಆಗಿದೆ ಅನ್ನುವ ಉತ್ತರ ಬಂತು. ಸವಾರಿ ಅಂಗಳಕ್ಕೆ ಲೋಡುಗಟ್ಟಲೆ ಮರಳು ಹೊಡೆಸುವವರಿಗೆ ಒಂದು ಕಕ್ಕಸು ಕಟ್ಟಿಸುವುದು ಭಾರವೇ? ಬಾಡಿಗೆ ಜಾಸ್ತಿಯಾಗುತ್ತದೆ ಅನ್ನುವುದಾದರೆ ಆಗಲಿ. ಕುದುರೆ ಸಾಕುವ ಶಕ್ತಿ ಇದ್ದವರು ಅದನ್ನೂ ಕೊಡಬಲ್ಲರು.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಕೈಗೆ ಒಂದು ಮೊಳೆ ಚುಚ್ಚಿದರೂ ಅಪಾಯ. ಗ್ಲಾಂಡರ್ಸ್ ಅನ್ನುವ ರೋಗವಂತೂ ಕುದುರೆಯಿಂದ ಮನುಷ್ಯನಿಗೂ ಅಂಟುತ್ತದೆ. ಹೊಸದಾಗಿ ಬಂದ ಕುದುರೆಯನ್ನು ರಕ್ತ ಪರೀಕ್ಷೆ ಆಗುವ ತನಕ ಬೇರೆ ಕಟ್ಟಲು ದೂರದಲ್ಲಿ ಒಂದು ಕೋಣೆ ಇರಬೇಕು. ನನ್ನ ಲೆಕ್ಕದಲ್ಲಿ ಕಾಫಿ ಅಂಗಡಿಗಿಂತ ಅದೇ ದೊಡ್ಡ ಸೌಲಭ್ಯ.

ಇನ್ನು ಲದ್ದಿ ಗುಡ್ಡೆ ಹಳ್ಳದ ಪಕ್ಕ ಬಿದ್ದಿದ್ದರೆ ಪಂಚಾಯಿತಿಯವರು ಕೇಳಲೇಬೇಕು. ಗುಂಡಿ ತೆಗೆದು ಕೊಳೆಸಿದರೆ ಅದೇ ಒಳ್ಳೆ ಗೊಬ್ಬರ, ಅಕ್ಕಪಕ್ಕದ ರೈತರಿಗೇ ಆಗುತ್ತದೆ.

ನಿಮ್ಮ ಮನೆ ಹುಡುಗನಿಗೆ ಲಾಯದಲ್ಲಿ ಕೆಲಸ ಸಿಕ್ಕಿದರೆ ಸಂಬಳ ಕೇಳಿ ಸುಮ್ಮನಾಗಬೇಡಿ, ಒಮ್ಮೆ ಹೋಗಿ ನೋಡಿ. ಕೋಣೆಯೊಳಗೆ ಬಗ್ಗಿ ಉಸಿರೆಳೆದುಕೊಳ್ಳಿ, ಮೂತ್ರದ ಘಾಟು ಕಣ್ಣಿಗೆ ಹೊಡೆದರೆ ಅಲ್ಲಿ ಹಾಸುಹುಲ್ಲು ಬದಲಿಸುತ್ತಿಲ್ಲ ಅಂತಲೇ ಅರ್ಥ. ಹುಡುಗ ಎಲ್ಲಿ ಮಲಗುತ್ತಾನೆ, ಒಬ್ಬನ ತಲೆಗೆ ಎಷ್ಟು ಕುದುರೆ, ಟಿಟಿ ಇಂಜೆಕ್ಷನ್ ಕೊಡಿಸುತ್ತಾರಾ ಅಂತ ಕೇಳಿ. ಕುದುರೆ ಒದ್ದರೆ ಆಸ್ಪತ್ರೆ ಖರ್ಚು ಯಾರದು ಅನ್ನುವುದನ್ನು ಸೇರುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.