ಎರಡು ಮನೆ ಮಾಡಿದವನಿಗೆ ಶಾಲು, ಅವಳಿಗೆ ಬೈಗುಳ: ಇನ್ನು ಸಾಕು

ಪುತ್ತೂರು, ಸುಳ್ಯ, ಕಡಬದ ಅಕ್ಕಂದಿರೇ, ಅಣ್ಣಂದಿರೇ,

ನಮ್ಮೂರ ಬ್ರಹ್ಮಕಲಶೋತ್ಸವದ್ದೋ ನೇಮದ್ದೋ ಉರೂಸಿನದ್ದೋ ಆಮಂತ್ರಣ ಪತ್ರ ತೆಗೆದು ಸಮಿತಿಯ ಹೆಸರುಗಳನ್ನು ಓದಿ. ಎರಡು ಮನೆ ನಡೆಸುವುದು ಊರಿಗೆಲ್ಲ ಗೊತ್ತಿದ್ದರೂ ಗಂಡಸಿನ ಹೆಸರು ಅಲ್ಲಿ ಅಚ್ಚಾಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅವನಿಗೆ ಶಾಲು ಹೊದೆಸುತ್ತೇವೆ, ಮೈಕಿನಲ್ಲಿ ಕೊಡುಗೈ ದಾನಿ ಎಂದು ಕರೆಯುತ್ತೇವೆ. ಅದೇ ಜಾತ್ರೆಗೆ ಆ ಎರಡನೇ ಮನೆಯ ಹೆಂಗಸು ಮಗುವಿನ ಕೈ ಹಿಡಿದು ಬಂದರೆ ಊಟದ ಸಾಲಿನಲ್ಲಿ ಪಕ್ಕದವರು ಸರಿದು ಕೂರುತ್ತಾರೆ. ಅವಳಿಗೆ ಊರು ಇಟ್ಟ ಹೆಸರು ‘ಇಟ್ಟುಕೊಂಡವಳು’. ಇಟ್ಟುಕೊಂಡವನಿಗೆ ಊರಿನಲ್ಲಿ ಅಂಥ ಹೆಸರೇ ಇಲ್ಲ. ಮೊದಲ ಹೆಂಡತಿಯ ಗತಿಯೂ ಹಾಗೇ. ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅವನು ಯಾಕೆ ಹೋಗುತ್ತಿದ್ದ’ ಎಂದು ಅವಳನ್ನೇ ಕೇಳುತ್ತೇವೆ.

ಯಾರ ಮನೆಯ ಗುಟ್ಟನ್ನೂ ಬೀದಿಗೆ ತರುವುದು ನಮ್ಮ ಉದ್ದೇಶವಲ್ಲ. ನಮ್ಮ ತಕರಾರು ಊರಿನ ಈ ಎರಡು ಅಳತೆಗಳ ಬಗ್ಗೆ.

ಬಹುಪತ್ನಿತ್ವ ಎಂದ ಕೂಡಲೇ ‘ಅದು ಅವರದ್ದು, ಅವರಿಗೆ ನಾಲ್ಕು ಹೆಂಡಿರು’ ಎಂದು ಒಂದು ಸಮುದಾಯದ ಕಡೆ ಬೆರಳು ತೋರಿಸುವುದು ಇಲ್ಲಿ ರೂಢಿಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆ ಎಂದ ಮುಸ್ಲಿಂ ಹೆಂಗಸರು ನೂರಕ್ಕೆ 1.9, ಹಿಂದೂ ಹೆಂಗಸರು ನೂರಕ್ಕೆ 1.3. ಇರುವ ಅಂತರ ಇಷ್ಟೇ. ಅದರಲ್ಲೂ ಹಿಂದೂ ಗಂಡಸಿಗೆ ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾನೂನಿನಲ್ಲಿ ಅಪರಾಧ. ಅದೂ ಇವತ್ತು ನಿನ್ನೆಯ ಮಾತಲ್ಲ. ನಮ್ಮ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದಾಗಲೇ, 1949ರಲ್ಲಿ, ದ್ವಿಪತ್ನಿತ್ವ ತಡೆಯುವ ಕಾಯ್ದೆ ಇಲ್ಲಿಗೆ ಬಂತು. ದೇಶಕ್ಕೆಲ್ಲ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಇತ್ತ ಎರಡನೇ ನಿಕಾಹ್‌ಗೆ ಕಾನೂನಿನ ಅಡ್ಡಿಯಿಲ್ಲದಿದ್ದರೂ, ಇಬ್ಬರನ್ನೂ ಸಮನಾಗಿ ನೋಡಿಕೊಳ್ಳಬೇಕೆಂಬ ಕುರ್‌ಆನಿನ ಷರತ್ತನ್ನು ಎಷ್ಟು ಜಮಾಅತುಗಳು ವರನ ಎದುರು ಕೂತು ಕೇಳುತ್ತವೆ?

ಕಾನೂನು ಇದ್ದೂ ಗಂಡಸು ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂಬುದನ್ನು ಪ್ರತಿ ಹೆಂಗಸೂ ತಿಳಿದಿರಬೇಕು. ಒಂದು ಮದುವೆ ಊರ್ಜಿತದಲ್ಲಿರುವಾಗ ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದ ತನಕ ಸಜೆ. ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದ ತನಕ. ಆದರೆ ಪೊಲೀಸರು ತಾವಾಗಿಯೇ ಇದರಲ್ಲಿ ಕೈಹಾಕುವ ಹಾಗಿಲ್ಲ. ನೊಂದ ಹೆಂಡತಿ, ಇಲ್ಲವೇ ಅವಳ ಪರವಾಗಿ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಎರಡನೇ ಮದುವೆಯ ಶಾಸ್ತ್ರಗಳು ನಡೆದಿವೆ ಎಂದು ರುಜುವಾತು ಮಾಡಬೇಕು. 1965ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಗಂಡಸಿಗೆ ಸಿಕ್ಕಿದ ಕಿಂಡಿ ಇದು. ಯಾವುದೋ ದೂರದ ದೇವಸ್ಥಾನದಲ್ಲಿ ಹಾರ ಬದಲಾಯಿಸಿ, ಧಾರೆ ಎರೆಸಿಕೊಳ್ಳದೆ, ಫೋಟೋ ತೆಗೆಸದೆ ಬರುತ್ತಾನೆ. ನಾಳೆ ಕೋರ್ಟಿನಲ್ಲಿ ‘ಅದು ಮದುವೆಯೇ ಅಲ್ಲ’ ಎನ್ನುತ್ತಾನೆ. ಆ ಒಂದು ಮಾತಿನಿಂದ ಮೊದಲನೆಯವಳ ದೂರು ಬಿದ್ದುಹೋಗುತ್ತದೆ, ಎರಡನೆಯವಳು ಯಾರೂ ಅಲ್ಲ ಎಂದಾಗುತ್ತದೆ. ಅವನು ಮಾತ್ರ ಇಸ್ತ್ರಿ ಹಾಕಿದ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಒಬ್ಬ ಹೆಂಗಸು ಮದುವೆಯಾಗಿದ್ದ ಗಂಡಸಿನೊಂದಿಗೆ ವರ್ಷಗಟ್ಟಲೆ ಬಾಳಿದ್ದರೂ, ಅವನಿಗೆ ಮದುವೆಯಾಗಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು ಎಂಬ ಕಾರಣಕ್ಕೆ, 2013ರಲ್ಲಿ ಸುಪ್ರೀಂ ಕೋರ್ಟು ಅವಳಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಕೊಡಲಿಲ್ಲ. ಅವನಿಗೂ ಗೊತ್ತಿತ್ತಲ್ಲವೇ?

‘ಅದು ಮದುವೆಯೇ ಅಲ್ಲ’ ಎಂಬ ಮಾತನ್ನು ತುಳುನಾಡಿನ ಹೆಂಗಸರು ಹಿಂದೆಯೂ ಕೇಳಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮದರಾಸಿನ ನ್ಯಾಯಾಲಯ ಅಳಿಯಸಂತಾನದವರ ಮದುವೆಯನ್ನು ಮದುವೆಯೆಂದೇ ಒಪ್ಪಿರಲಿಲ್ಲ. ಆದರೆ ಗಂಡನನ್ನು ಬಿಟ್ಟವಳು, ವಿಧವೆ ಮತ್ತೆ ಮದುವೆಯಾಗಲು ಇಲ್ಲಿ ಬುಡುದಾರೆಯ ಪದ್ಧತಿ ಇತ್ತು. ನಾವು ಕೈಮುಗಿಯುವ ಸಿರಿ ಯಾರು? ಸೂಳೆಯ ಮನೆಗೆ ಹೋಗಿಬಂದ ಗಂಡ ಕಾಂತು ಪೂಂಜನನ್ನು ಬಿಟ್ಟು ಹೊರಟವಳು. ಆಮೇಲೆ ಕೊಡ್ಸರಾಳ್ವನ ಕೈಹಿಡಿದವಳು, ಅದೂ ಅವನ ಮೊದಲ ಹೆಂಡತಿ ಸಾಮು ಇದ್ದ ಮನೆಗೆ ಹೋಗಿ. ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದು ಅವಳನ್ನು ಮೈಮೇಲೆ ಬರಿಸಿಕೊಳ್ಳುವ ನಾಡಿನಲ್ಲಿ, ಗಂಡನನ್ನು ಬಿಟ್ಟು ಬಂದ ಮಗಳು ತವರಿನ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲಬೇಕೇ?

ಪುತ್ತೂರಿನವರಿಗೆ ಇನ್ನೂ ಹತ್ತಿರದ ಮಾತು. 1936ರಲ್ಲಿ ಶಿವರಾಮ ಕಾರಂತರು ಜಾತಿ ಮೀರಿ ಬಂಟರ ಹುಡುಗಿ ಲೀಲಾ ಆಳ್ವರನ್ನು ಮದುವೆಯಾದಾಗ ಊರು ಗೇಲಿ ಮಾಡಿತು, ಮೂಗು ಮುರಿಯಿತು. ಈಗ ಅದೇ ಊರು ಮಕ್ಕಳ ಕೈಹಿಡಿದು ಕಾರಂತರ ಬಾಲವನ ತೋರಿಸಲು ಕರೆದೊಯ್ಯುತ್ತದೆ. ಆದರೆ ಇವತ್ತೂ ಬೇರೆ ಧರ್ಮದ ಹುಡುಗ ಹುಡುಗಿ ಬಸ್ಸಿನ ಒಂದೇ ಸೀಟಿನಲ್ಲಿ ಕೂತರೆ ಫೋನು ಹೋಗುತ್ತದೆ, ಮುಂದಿನ ಸ್ಟಾಪಿನಲ್ಲಿ ಬೈಕುಗಳು ಕಾಯುತ್ತವೆ. ಎರಡು ಮನೆಯವನ ಕಾರನ್ನು ಈ ಬೈಕುಗಳು ಒಮ್ಮೆಯಾದರೂ ಅಡ್ಡಗಟ್ಟಿವೆಯೇ? ಅಡ್ಡಗಟ್ಟಿ ಎಂದು ನಾವು ಹೇಳುತ್ತಿಲ್ಲ. ಯಾರನ್ನೂ ಅಡ್ಡಗಟ್ಟುವ ಹಕ್ಕು ಯಾರಿಗೂ ಇಲ್ಲ. ಪ್ರಾಯಕ್ಕೆ ಬಂದ ಇಬ್ಬರ ನಡುವೆ ಊರಿನ ಕೂಟಗಳು ತಲೆಹಾಕುವುದು ಕಾನೂನುಬಾಹಿರ ಎಂದು 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಂಗಳಮುಖಿಯರ ಕೈಯಿಂದ ಹರಕೆ ಹಾರೈಕೆ ಬೇಕು, ಅವರಿಗೆ ಬಾಡಿಗೆಗೆ ಒಂದು ಕೋಣೆ ಕೊಡಲು ಆಗುವುದಿಲ್ಲ. ಇದೂ ಅದೇ ಎರಡು ಅಳತೆಯ ರೋಗ.

ಸಂಬಂಧವೊಂದನ್ನು ತೂಗಲು ನಾವು ಕೇಳಬೇಕಾದ್ದು ಜಾತಿಯನ್ನಲ್ಲ. ಇಬ್ಬರೂ ಒಪ್ಪಿದ್ದಾರೆಯೇ, ಯಾರಿಗಾದರೂ ಮೋಸವಾಗಿದೆಯೇ, ಹುಟ್ಟಿದ ಮಕ್ಕಳ ಅನ್ನ ವಿದ್ಯೆಯ ಹೊಣೆ ಯಾರು ಹೊತ್ತಿದ್ದಾರೆ, ಇಷ್ಟು ಕೇಳಿದರೆ ಸಾಕು.

ಆದ್ದರಿಂದ ಬಂಧುಗಳೇ, ದೇವಸ್ಥಾನ, ಮಸೀದಿ, ಇಗರ್ಜಿ, ಕಲ್ಯಾಣಮಂಟಪದವರು ಮದುವೆಗೆ ದಿನ ಕೊಡುವ ಮುಂಚೆ ವರನ ಹಿಂದಿನ ಮದುವೆಯ ಬಗ್ಗೆ ಬರಹದಲ್ಲಿ ಕೇಳಲಿ. ಹೆಂಡತಿ ಮಕ್ಕಳ ಜೀವನಾಂಶ ಬಾಕಿ ಇಟ್ಟವನಿಗೆ ಯಾವ ಸಮಿತಿಯೂ ಶಾಲು ಹೊದೆಸದಿರಲಿ. ನಿಮ್ಮ ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಆಮಂತ್ರಣ ಪತ್ರ, ಧಾರೆಯ ಫೋಟೋ, ಮಂಟಪದ ರಶೀದಿ ಜೋಪಾನವಾಗಿಡಿ. ಟೀಚರುಗಳೇ, ಅಪ್ಪನ ಹೆಸರನ್ನು ತುಂಬಿದ ತರಗತಿಯಲ್ಲಿ ಕೇಳಬೇಡಿ.

ಮೋಸ ಹೋದ ಅಕ್ಕ, ನಿನಗೆ ದಾರಿ ಇದೆ. ಅವನಿಗೆ ಹೆಂಡತಿ ಇರುವುದು ತಿಳಿಯದೆ ಮದುವೆಯಾಗಿದ್ದರೆ ಜೀವನಾಂಶ ಕೇಳಬಹುದು. ಅದೇ 2013ರ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ನಿನ್ನ ಕಡೆಗಿದೆ. ಮಕ್ಕಳಿಗಂತೂ ಯಾವ ಕಳಂಕವೂ ಇಲ್ಲ. ಅಸಿಂಧು ಮದುವೆಯ ಮಕ್ಕಳಿಗೂ ಅಪ್ಪನ ಪಾಲಿನ ಪಿತ್ರಾರ್ಜಿತದಲ್ಲಿ ಹಕ್ಕಿದೆ ಎಂದು ನಮ್ಮ ಕರ್ನಾಟಕದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ತೀರ್ಪಾಗಿದೆ. ವಕೀಲರ ಫೀಸಿಗೆ ಹೆದರಬೇಡ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳು, ಇಲ್ಲವೇ 15100ಕ್ಕೆ ಫೋನು ಮಾಡು. ಮಹಿಳಾ ಸಹಾಯವಾಣಿ 181. ಬಸ್ಸು ತಡೆದು ಹುಡುಗ ಹುಡುಗಿಯರ ಮೈಮೇಲೆ ಕೈಹಾಕುವುದನ್ನು ಕಂಡವರು 112ಕ್ಕೆ ಕರೆ ಮಾಡಿ, ಪೊಲೀಸರು ಬರುವ ತನಕ ಆ ಮಕ್ಕಳ ಪಕ್ಕದಲ್ಲೇ ನಿಲ್ಲಿ.

ಈ ಹಾಳೆಯನ್ನು ಬಿಸಾಡಬೇಡಿ. ಬೀಡಿ ಬ್ರಾಂಚಿನ ಗೋಡೆಗೆ, ಹಾಲಿನ ಸೊಸೈಟಿಯ ಬಾಗಿಲಿಗೆ ಅಂಟಿಸಿ. ಮುಂದಿನ ಸ್ತ್ರೀಶಕ್ತಿ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ.