ಹಲಸಿನ ಹಣ್ಣಿನ ಬಿಸಿ ಕಡುಬು

ಹಸಿದು ಹಲಸು, ಉಂಡು ಮಾವು ಎಂಬುದು ಹಿರಿಯರ ಮಾತು. ಮಾವಿಗೆ ಎಲ್ಲ ಕಾಲದಲ್ಲೂ ಗಿರಾಕಿಗಳುಂಟು. ಹಲಸಿಗೆ ಆ ಭಾಗ್ಯವಿಲ್ಲ. ಅದರಲ್ಲೂ ತೊಳೆ ಗಟ್ಟಿಯಾಗಿರುವ ಬಕ್ಕೆ ಹಣ್ಣು ಸಂತೆಯಲ್ಲಿ ಮಾರಾಟವಾದೀತು. ತೊಳೆ ಮೆತ್ತಗೆ ಜಾರುವ ಅಂಬಲಿ ಹಣ್ಣನ್ನು ಕೇಳುವವರಿಲ್ಲ. ಅದು ಮರದ ಬುಡದಲ್ಲೇ ಬಿದ್ದು ದನಕರುಗಳ ಪಾಲಾಗುತ್ತದೆ. ತಿನ್ನುವವರಿಲ್ಲದ ಮರದ ಮೇಲೆ ಬಡಗಿಯ ಕಣ್ಣು ಬೀಳುವುದು ಸಹಜ. ಬಾಗಿಲಿಗೂ ಕಿಟಕಿಗೂ ಹಲಸಿನ ಹಲಗೆ ಬಲು ಚೆನ್ನ. ಅಂಥ ಮರವನ್ನು ಉಳಿಸುವ ದಾರಿಯೊಂದು ಅಡುಗೆಮನೆಯಲ್ಲೇ ಇದೆ. ಕಡುಬಿಗೆ ಬೇಕಾದದ್ದು ಬಕ್ಕೆಯಲ್ಲ, ಈ ಮೆತ್ತನೆಯ ಹಣ್ಣೇ.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಸೇರಿದರೆ ಈ ಕಡುಬಿನ ಸಾಮಾನೆಲ್ಲ ಒದಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆ, ಅದರ ವಿಶ್ವೇಶ್ವರಯ್ಯ ನಾಲೆ ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲಿಗೆ ಭತ್ತವನ್ನೂ ಕಬ್ಬನ್ನೂ ತಂದವು. ಕಬ್ಬಿದ್ದಲ್ಲಿ ಆಲೆಮನೆ, ಆಲೆಮನೆಯಿದ್ದಲ್ಲಿ ಬೆಲ್ಲ. ಇನ್ನು ಕೆ.ಆರ್. ಪೇಟೆ, ನಾಗಮಂಗಲಗಳ ಕಡೆ ತೆಂಗಿಗೆ ಕೊರತೆಯಿಲ್ಲ. ಹಲಸಾದರೋ ಹೊಲದ ಬದುವಿನಲ್ಲಿ, ಮನೆಯ ಹಿತ್ತಲಿನಲ್ಲಿ ತಾನಾಗಿ ಬೆಳೆದದ್ದು.

ಬೇಕಾಗುವ ಸಾಮಾನು: ಮೆತ್ತನೆಯ ತೊಳೆಗಳನ್ನು ಕಿವುಚಿ ನಾರು ತೆಗೆದ ರಸ 2 ಲೋಟ, ಇಡ್ಲಿ ರವೆ ಒಂದೂವರೆ ಲೋಟ, ಪುಡಿಮಾಡಿದ ಬೆಲ್ಲ ಮುಕ್ಕಾಲು ಲೋಟ, ತೆಂಗಿನ ತುರಿ ಅರ್ಧ ಲೋಟ, ಏಲಕ್ಕಿ 4, ಚಿಟಿಕೆ ಉಪ್ಪು, ಬಾಳೆ ಎಲೆ, ತುಪ್ಪ.

ಹಣ್ಣು ಬಿಡಿಸುವ ಮೊದಲು ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ರಸಕ್ಕೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಇಳಿಸಿ. ಆರಿದ ಮೇಲೆ ರವೆ, ತುರಿ, ಏಲಕ್ಕಿ ಪುಡಿ, ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಹಿಟ್ಟು ತೀರ ಗಟ್ಟಿಯಾದರೆ ಸ್ವಲ್ಪ ನೀರು ಚಿಮುಕಿಸಿ. ಬಾಳೆ ಎಲೆಯನ್ನು ಬೆಂಕಿಯ ಮೇಲೆ ಬಾಡಿಸಿ, ತುಪ್ಪ ಸವರಿ, ಸೌಟು ಹಿಟ್ಟು ಹಾಕಿ ಮಡಿಸಿ. ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಬೇಯಿಸಿ. ಎಲೆ ಬಿಚ್ಚಿದ ಕೂಡಲೇ ತುಪ್ಪದೊಂದಿಗೆ ತಿನ್ನಬೇಕು. ಆರಿದರೆ ಅರ್ಧ ರುಚಿ ಹೋಯಿತು.

ಕೇಕಿನ ಹಾಗೆ ಒಣ ಶಾಖದಲ್ಲಿ ಬೇಯಿಸುವ ಆಸೆಯಿದ್ದವರು ಇಡ್ಲಿ ರವೆಯ ಬದಲು ಹುರಿದ ಸಣ್ಣ ರವೆ ಹಾಕಿ, ಎರಡು ಚಮಚ ತುಪ್ಪ, ಚಿಟಿಕೆ ಅಡುಗೆ ಸೋಡ ಸೇರಿಸಿಕೊಳ್ಳಲಿ. ಓವನ್ ಬೇಕೆಂದಿಲ್ಲ. ಕುಕ್ಕರಿನ ತಳದಲ್ಲಿ ಒಂದಂಗುಲ ಮರಳು ಹರಡಿ, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದು ಮುಚ್ಚಿ ಹತ್ತು ನಿಮಿಷ ಕಾಯಿಸಿ, ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ನೀರು ಹಾಕಕೂಡದು. ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದೆ ಬಂದರೆ ಬೆಂದಿತೆಂದು ಅರ್ಥ.

ಬೆಲ್ಲ ಕೊಳ್ಳುವಾಗ ಮಾತ್ರ ಎಚ್ಚರ. ಹಿಂದೆ ಆಲೆಮನೆಗಳಲ್ಲಿ ಕಬ್ಬಿನ ಹಾಲಿನ ಕಸ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವ ಅಭ್ಯಾಸ ಆಮೇಲೆ ಬಂತು. ಗಿರಾಕಿ ಬಿಳಿ ಬೆಲ್ಲ ಕೇಳುವವರೆಗೂ ಅದು ನಿಲ್ಲುವುದಿಲ್ಲ. ಕಂದು ಬಣ್ಣದ ಬೆಲ್ಲವನ್ನೇ ಕೇಳಿ ಕೊಳ್ಳಿ. ಕಡುಬಿಗೆ ಬಣ್ಣವೂ ಚೆಂದ, ಘಮವೂ ಹೆಚ್ಚು.

ಒಂದು ಮರದ ಹಣ್ಣಿನಂತೆ ಇನ್ನೊಂದು ಮರದ್ದಿರುವುದಿಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಹೊಲದಲ್ಲಿದ್ದ, ಕೆಂಪು ತೊಳೆಯ ಮರವೊಂದನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಅದು ‘ಸಿದ್ದು’ ಎಂಬ ತಳಿಯಾಗಿ ಹೆಸರಾಯಿತು. ಯಾರೂ ಲೆಕ್ಕಕ್ಕಿಡದೆ ಅದನ್ನು ಕಡಿದಿದ್ದರೆ ಆ ರುಚಿ ಅಲ್ಲಿಗೇ ಮುಗಿಯುತ್ತಿತ್ತು. ನಾಗಮಂಗಲದ ಬದುವಿನಲ್ಲೋ, ಪಾಂಡವಪುರದ ಹಿತ್ತಲಲ್ಲೋ ಅಂಥದೇ ಮರವೊಂದು ಇದ್ದೀತು.

ಆಷಾಢದ ಮಳೆ ಹಿಡಿದರೆ ಹಣ್ಣು ನೀರಾಗಿ ಸಿಹಿ ಕಳೆದುಕೊಳ್ಳುತ್ತದೆ. ಅದಕ್ಕೆ ಮೊದಲೇ ಕಡುಬು ಮಾಡಿಕೊಳ್ಳಿ. ಸಕ್ಕರೆ ಕಾಯಿಲೆಯವರು ನಾಲಿಗೆಯ ಮಾತು ಕೇಳದೆ ಒಂದು ಚೂರಿಗೆ ನಿಲ್ಲಿಸುವುದು ಒಳ್ಳೆಯದು. ಬೀಜಗಳನ್ನು ಎಸೆಯಬೇಡಿ, ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಮರುದಿನದ ಹುಳಿಗಾಯಿತು.