ಗುಂಡು ಹತ್ತುವವರಿಗೊಂದು ಬೀಡು

ಮೊನ್ನೆ ಮಲ್ಲೇಶ್ವರದ ಮಿತ್ರರೊಬ್ಬರ ಮನೆಯಲ್ಲಿ ಕಾಫಿಯ ಹೊತ್ತಿಗೆ ಹಂಪೆಯ ಮಾತು ಬಂತು. ಮಿತ್ರರು ನಿವೃತ್ತ ಅಧಿಕಾರಿಗಳು. ವಿಜಯನಗರದ ವೈಭವವನ್ನು ನೆನೆದರೆ ಅವರ ಕಣ್ಣು ತೇವವಾಗುವುದುಂಟು. ಆ ದಿನ ತೇವವಾಗಲಿಲ್ಲ, ಕೆಂಪಾಯಿತು. “ಬೆನ್ನ ಮೇಲೆ ಹಾಸಿಗೆ ಹೊತ್ತುಕೊಂಡು ಹುಡುಗರು ಹುಡುಗಿಯರು ಅಲ್ಲಿಗೆ ಬರುತ್ತಾರಂತೆ. ಹಗಲೆಲ್ಲ ಬಂಡೆ ಹತ್ತುವುದು, ರಾತ್ರಿ ಅಲ್ಲೇ ಎಲ್ಲಾದರೂ ಬಿದ್ದುಕೊಳ್ಳುವುದು. ಅಂಥವರಿಗೆ ಡೇರೆ ಹಾಕಲು ಒಂದು ಬೀಡು ಮಾಡಿಕೊಡಬೇಕೆಂದು ಯಾರೋ ಬರೆದಿದ್ದಾರೆ. ಛತ್ರ ಕಟ್ಟಿಸಿ ಊಟವನ್ನೂ ಹಾಕಿಬಿಡಲಿ! ಮೊದಲು ಇವರನ್ನು ಓಡಿಸಬೇಕು ಸ್ವಾಮಿ” ಎಂದರು. ಹಾಗೆ ಬರೆದ ಆ ‘ಯಾರೋ’ ನಾನೇ ಎಂದು ಹೇಳಿಕೊಳ್ಳುವ ಧೈರ್ಯ ಆಗ ಬರಲಿಲ್ಲ. ಅವರ ಮನೆಯ ಕಾಫಿ ಚೆನ್ನಾಗಿರುತ್ತದೆ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆ ಹಾಸಿಗೆಯ ವಿಚಾರ. ಅದು ಮಲಗುವ ಹಾಸಿಗೆಯಲ್ಲ. ಹಗ್ಗವಿಲ್ಲದೆ ಬಂಡೆ ಹತ್ತುವವನು ಕೈ ಜಾರಿ ಬಿದ್ದರೆ ಮೂಳೆ ಮುರಿಯದಿರಲೆಂದು ಕೆಳಗೆ ಹಾಸುವ ದಪ್ಪನೆಯ ಮೆತ್ತೆ. ತುಂಗಭದ್ರೆಯ ಎರಡು ದಡಗಳಲ್ಲೂ ರಾಶಿಬಿದ್ದಿರುವ ಈ ಕಲ್ಲುಗುಂಡುಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು. ಯಾವ ದೈತ್ಯನೂ ತಂದು ಒಟ್ಟಿದ್ದಲ್ಲ. ಬಿರುಕು ಬಿಟ್ಟ ಕಲ್ಲು ಬಿಸಿಲು ಮಳೆಗೆ ಇದ್ದಲ್ಲೇ ಸವೆದು ದುಂಡಗಾದದ್ದು. ಹರಳು ಹರಳಾದ ಅದರ ಮೈ ಬೆರಳಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಅಮೆರಿಕದ ಕ್ರಿಸ್ ಶರ್ಮ (ಹೆಸರು ಕೇಳಿ ನಮ್ಮ ಕಡೆಯವನೆಂದು ತಿಳಿಯಬೇಡಿ, ಕ್ಯಾಲಿಫೋರ್ನಿಯದವನು) ಇಲ್ಲಿ ಬಂಡೆ ಹತ್ತಿದ ಚಲನಚಿತ್ರ 2003ರಲ್ಲಿ ಹೊರಬಂದ ಮೇಲಂತೂ ಲೋಕದ ಶಿಲಾರೋಹಿಗಳೆಲ್ಲರಿಗೂ ಹಂಪೆಯ ಹೆಸರು ಬಾಯಿಪಾಠವಾಯಿತು. ಕಲ್ಲು ಕಾದರೆ ಬೆರಳು ಬೆವತು ಜಾರುತ್ತದೆ. ಆದ್ದರಿಂದ ಇವರು ಬರುವುದು ಚಳಿಗಾಲದಲ್ಲಿ, ಹತ್ತುವುದು ಬೆಳಗಿನ ಜಾವದಲ್ಲಿ ಮತ್ತು ಸಂಜೆಯ ತಂಪಿನಲ್ಲಿ. ಮುಂಜಾನೆ ಐದಕ್ಕೆ ಏಳಬೇಕಾದವನು ರಾತ್ರಿ ಬಹಳ ಹೊತ್ತು ಕುಣಿಯಲಾರ. ಗುಂಡು ಹತ್ತುವವರಿಗೂ ಗುಂಡು ಹಾಕುವವರಿಗೂ ಇರುವ ಈ ವ್ಯತ್ಯಾಸವನ್ನು ನನ್ನ ಮಿತ್ರರು ಗಮನಿಸಿದಂತಿಲ್ಲ. ಎರಡನ್ನೂ ಮಾಡುವ ಮಹಾನುಭಾವರು ಇಲ್ಲವೆನ್ನುವುದಿಲ್ಲ. ಅವರ ಪರವಾಗಿ ನನ್ನ ವಕಾಲತ್ತು ಇಲ್ಲ.

ಇನ್ನು ‘ಓಡಿಸಬೇಕು’ ಎಂಬ ಮಾತು. ಓಡಿಸಿಯಾಗಿದೆ ಸ್ವಾಮಿ! ಹಂಪೆಯ ಎದುರು ದಡದ ವಿರೂಪಾಪುರಗಡ್ಡಿಯಲ್ಲಿ ವಸತಿಗೃಹಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದುವು. ಅವು ಕಾನೂನಿಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯ ಹೇಳಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಎಲ್ಲವನ್ನೂ ಕೆಡವಲಾಯಿತು. ತೀರ್ಪಿನ ಬಗೆಗೆ ನನ್ನ ತಕರಾರಿಲ್ಲ. ವಿಶ್ವಪರಂಪರೆಯ ನೆಲದಲ್ಲಿ, ಹೊಳೆಯ ಅಂಚಿನಲ್ಲಿ ಆ ಕಟ್ಟಡಗಳು ಇರತಕ್ಕವಲ್ಲ. ಆದರೆ ಕಟ್ಟಡ ಬಿದ್ದರೆ ಬಂಡೆ ಬೀಳುವುದೇ? ಬಂಡೆ ಇರುವ ತನಕ ಹತ್ತುವವರು ಬರುತ್ತಾರೆ. ಮುಂಚೆ ಒಂದು ಕಡೆ ಇದ್ದವರು ಈಗ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳಲ್ಲಿ ಚೆದುರಿದ್ದಾರೆ. ಕೈಯಲ್ಲಿ ಹಣವಿದ್ದವರು ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ; ಇಲ್ಲದವರು ಬಂಡೆಯ ಸಂದಿನಲ್ಲಿ, ಬಾಳೆಯ ತೋಟದ ಬದುವಿನಲ್ಲಿ, ಕಾಲುವೆಯ ದಂಡೆಯಲ್ಲಿ. ಕಸ ಒಂದೆಡೆ ಇದ್ದರೆ ಗುಡಿಸಬಹುದು. ಗಾಳಿಗೆ ಹಾರಿಸಿ ‘ಊರು ಶುದ್ಧವಾಯಿತು’ ಎನ್ನುವುದು ಎಂಥ ಗೃಹಕೃತ್ಯ?

ಕಳೆದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೋದಾಗ ರೊಟ್ಟಿ ಮಾಡಿಕೊಡುವ ತಾಯಿಯೊಬ್ಬಳ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದೆ. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ. ಈ ಹುಡುಗರಿಂದ ತೊಂದರೆಯೇನಾದರೂ ಉಂಟೇ ಎಂದು ಕೇಳಿದೆ.

“ಗುಂಡು ಹತ್ತಾಕ ಬರ್ತಾರ್ರೀ. ಒಳ್ಳೆ ಹುಡುಗ್ರು, ರೊಟ್ಟಿ ಕೊಟ್ರ ಉಣ್ತಾರ, ರೊಕ್ಕ ಕೊಡ್ತಾರ. ಆದ್ರ ಮುಂಜಾನೆ ಎದ್ದು ನಮ್ಮ ಬಾಳಿ ತ್ವಾಟ ಹೊಕ್ಕೋತಾರ. ನಾವು ಹಿತ್ತಲದಾಗ ಪಾಯಖಾನಿ ಕಟ್ಟಿಸ್ಕೊಂಡೀವಿ. ಈ ಶ್ಯಾಣ್ಯಾರು ಬಂದು ತ್ವಾಟ ಹೊಲಸ ಮಾಡ್ತಾರ. ಇದಕ್ಕೇನ್ ಅಂತೀರಿ?”

“ಹಾಗಾದರೆ ಬರಬೇಡಿ ಅನ್ನೋಣವೇ, ತಾಯಿ?”

“ಬರಬ್ಯಾಡ್ರಿ ಅಂದ್ರ ರೊಟ್ಟಿ ಯಾರು ತಿಂತಾರ್ರೀ? ಬರ್ಲಿ. ಹೋಗಾಕೊಂದು ಜಾಗ ಮಾಡಿ ಕೊಡ್ರಿ.”

ಬೀಡಿನ ಯೋಜನೆಯೆಲ್ಲ ಈ ಒಂದು ಮಾತಿನಲ್ಲಿದೆ. ನಮ್ಮ ಯೋಜಕರಾದರೋ ಮೊದಲು ಸ್ವಾಗತದ ಕಮಾನು, ಆಮೇಲೆ ಕಾರಂಜಿ, ಆಮೇಲೆ ಫಲಕ, ಹಣ ಉಳಿದರೆ ಕಡೆಯಲ್ಲಿ ಕಕ್ಕಸು ಎಂದು ಬರೆದುಕೊಳ್ಳುತ್ತಾರೆ. ಇದು ತಿರುಗಬೇಕು. ಲೆಕ್ಕ ಹಾಕಿ ನೋಡೋಣ. ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ 120 ರಾತ್ರಿ. ರಾತ್ರಿಗೆ 40 ಜನರೆಂದರೆ 4,800. ತಲೆಗೆ ಕಾಲು ಕಿಲೋ ಎಂದಿಟ್ಟುಕೊಂಡರೂ ಒಂದು ಚಳಿಗಾಲಕ್ಕೆ 12 ಕ್ವಿಂಟಲ್ ಮಲ. ಕಾಫಿ ಕುಡಿಯುತ್ತ ಓದುತ್ತಿರುವವರು ಕ್ಷಮಿಸಬೇಕು. ಈ 12 ಕ್ವಿಂಟಲ್ ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳದೆ ಇದ್ದುದರಿಂದಲೇ ಅದು ಆ ತಾಯಿಯ ತೋಟಕ್ಕೆ ಹೋಗುತ್ತಿದೆ.

ನಮ್ಮ ನಾಡಿನ ಹಳ್ಳಿಗಳಲ್ಲಿ ಪ್ರಚಾರದಲ್ಲಿರುವುದು ಎರಡು ಗುಂಡಿಯ ಕಕ್ಕಸು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಗೊಬ್ಬರವಾಗಲು ಬಿಡುವುದು. ಮಣ್ಣು ಆಳವಾಗಿರುವ ಕಡೆ ಅದು ಬಲು ಒಳ್ಳೆಯದು. ಆದರೆ ಇಲ್ಲಿ ಗೇಣುದ್ದ ಅಗೆದರೆ ಬಂಡೆ; ಬಂಡೆಯಲ್ಲಿ ಬಿರುಕು; ಬಿರುಕಿನ ಕೆಳಗೆ ಕಾಲುವೆ ಅಥವಾ ಹೊಳೆ. ಹೊಳೆಯಲ್ಲಿ ನೀರುನಾಯಿಗಳಿವೆ, ಅವುಗಳಿಗಾಗಿಯೇ 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಉದ್ದವನ್ನು ಸಂರಕ್ಷಿತವೆಂದು ಸಾರಲಾಗಿದೆ. ಆದುದರಿಂದ ಇಲ್ಲಿಗೆ ಒಪ್ಪುವುದು ನೆಲದಿಂದ ಎತ್ತರಿಸಿ ಕಟ್ಟಿದ ಒಣ ಕಕ್ಕಸು: ಮೂತ್ರ ಬೇರೆ ಕೊಳವೆಗೆ, ಮಲ ಕೆಳಗಿನ ಗಚ್ಚಿನ ಕೋಣೆಗೆ, ಪ್ರತಿಸಲವೂ ಮೇಲೊಂದು ಹಿಡಿ ಬೂದಿ. ಕೋಣೆ ತುಂಬಿದ ಮೇಲೆ ಮುಚ್ಚಿ ಒಂದು ವರ್ಷ ಮುಟ್ಟಬಾರದು. ನೀರು ಬೇಡ, ನೊಣವಿಲ್ಲ, ಹೊಳೆಗೆ ತೊಟ್ಟೂ ಸೇರದು. ಇದೇನು ಹೊಸ ಸಾಹಸವಲ್ಲ. ತಿರುಚಿರಾಪಳ್ಳಿಯ ಹತ್ತಿರದ ಮುಸಿರಿಯಲ್ಲಿ, ಕಾವೇರಿಯ ಪಕ್ಕದಲ್ಲೇ, ಸಾಮಾನ್ಯ ಜನರು ಇಂಥದನ್ನು ಬಳಸಿ ತೋರಿಸಿದ್ದಾರೆ.

ಹೀಗೆ ಹೇಳಿದ ಕೂಡಲೆ ಇನ್ನೊಂದು ಪಂಥದವರು ಎದ್ದು ನಿಲ್ಲುತ್ತಾರೆ. ಇವರು ಅಭಿವೃದ್ಧಿಯವರು. “ಅಷ್ಟು ಕಷ್ಟವೇಕೆ? ಗುತ್ತಿಗೆಗೆ ಕೊಡಿ, ಸುಸಜ್ಜಿತ ಡೇರೆ, ಒಳಗೆ ಮಂಚ, ಸ್ನಾನದ ಕೋಣೆ, ಬಿಸಿನೀರು, ಹೊರಗೆ ಹುಲ್ಲುಹಾಸು, ಎಲ್ಲ ಪರಿಸರಸ್ನೇಹಿ” ಎನ್ನುತ್ತಾರೆ. ಈ ‘ಪರಿಸರಸ್ನೇಹಿ’ ಎಂಬ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ಯಾವುದೋ ಮರ ಉರುಳಿದ ಸದ್ದು ಕೇಳಿಸುತ್ತದೆ. ಗಂಗಾವತಿಯ ಬಿಸಿಲಿನಲ್ಲಿ ಹುಲ್ಲುಹಾಸಿಗೆ ನೀರು ಎಲ್ಲಿಂದ? ಆ ಡೇರೆಯ ಬಾಡಿಗೆಯನ್ನು ಕೊಡಬಲ್ಲವನು ಬಂಡೆ ಹತ್ತುವುದಿಲ್ಲ, ಬಂಡೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾನೆ. ಹತ್ತುವ ಹುಡುಗ ಮತ್ತೆ ತೋಟದ ಬದುವಿಗೇ ಹೋಗುತ್ತಾನೆ.

ಅಗ್ಗದ, ಧೂಳಿನ ಬೀಡಿಗೂ ಒಂದು ಮಾನವುಂಟೆಂಬುದಕ್ಕೆ ಅಮೆರಿಕದ ಯೊಸೆಮಿಟಿಯ ‘ಕ್ಯಾಂಪ್ ಫೋರ್’ ಸಾಕ್ಷಿ. 1997ರ ಜನವರಿಯ ನೆರೆಯಲ್ಲಿ ಅಲ್ಲಿಯ ವಸತಿಗಳು ಕೊಚ್ಚಿಹೋದಾಗ ಹೊಸ ಕಟ್ಟಡಗಳನ್ನು ಈ ಬೀಡಿನ ಮಗ್ಗುಲಲ್ಲಿ ಎಬ್ಬಿಸಬೇಕೆಂದು ಯೋಜನೆಯಾಯಿತು. ಶಿಲಾರೋಹಿಗಳು ಮೊಕದ್ದಮೆ ಹೂಡಿ ತಡೆದರು. 2003ರಲ್ಲಿ ಆ ಧೂಳಿನ ನೆಲವೇ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು.

ಆದರೆ ನಮಗೆ ಹೆಚ್ಚು ಹತ್ತಿರದ ಪಾಠ ಟೆಕ್ಸಾಸಿನ ವೇಕೋ ಟ್ಯಾಂಕ್ಸ್ ಎಂಬಲ್ಲಿಯದು. ಅಲ್ಲಿಯೂ ಹತ್ತಲು ಸೊಗಸಾದ ಬಂಡೆಗಳು; ಅವೇ ಬಂಡೆಗಳ ಪೊಟರೆಗಳಲ್ಲಿ ಪ್ರಾಚೀನರು ಬರೆದ ಮುಖವಾಡಗಳ ಚಿತ್ರಗಳು. ಜನ ನುಗ್ಗಿ, ಚಿತ್ರಗಳ ಮೇಲೆ ಹೆಸರು ಗೀಚಿ, ಮಿತಿಮೀರಿದಾಗ 1998ರಲ್ಲಿ ಕಟ್ಟು ಮಾಡಿದರು. ಒಂದು ಗುಡ್ಡಕ್ಕೆ ಮಾತ್ರ ಸ್ವತಂತ್ರ ಪ್ರವೇಶ, ಅದೂ ಒಂದು ಹೊತ್ತಿಗೆ 70 ಜನರಿಗೆ. ಉಳಿದ ಕಡೆಗೆ ಮಾರ್ಗದರ್ಶಿಯಿಲ್ಲದೆ ಕಾಲಿಡುವಂತಿಲ್ಲ. ಬಂದವರು ಮೊದಲು ಕುಳಿತು, ಚಿತ್ರಗಳನ್ನು ಕಾಪಾಡುವುದು ಹೇಗೆಂದು ತಿಳಿದುಕೊಳ್ಳಬೇಕು. ಡೇರೆಗೆ ಸಣ್ಣದೊಂದು ಜಾಗ. ಶಿಲಾರೋಹಿಗಳು ಸಿಡಿಮಿಡಿಗೊಂಡರು, ಆದರೂ ಬರುವುದನ್ನು ಬಿಡಲಿಲ್ಲ.

ಆನೆಗೊಂದಿಯ ಒನಕೆ ಕಿಂಡಿಯಲ್ಲೂ ಇತಿಹಾಸಪೂರ್ವ ಕಾಲದ ವರ್ಣಚಿತ್ರಗಳಿವೆಯೆಂಬುದು ಎಷ್ಟು ಜನಕ್ಕೆ ಗೊತ್ತು? ಬೆವರು ಹೀರಲೆಂದು ಹುಡುಗರು ಕೈಗೆ ಸವರಿಕೊಳ್ಳುವ ಬಿಳಿಯ ಮೆಗ್ನೀಷಿಯಮ್ ಪುಡಿ ಬಂಡೆಗೆ ಹತ್ತುತ್ತದೆ. ಹಿಡಿತ ಚೊಕ್ಕಟವಾಗಲೆಂದು ಬ್ರಷ್ಷಿನಿಂದ ಉಜ್ಜುತ್ತಾರೆ. ಚಿತ್ರವಿರುವ ಬಂಡೆಯನ್ನು ತಿಳಿಯದೆ ಒಬ್ಬ ಉಜ್ಜಿದನೆಂದರೆ ಸಾವಿರಾರು ವರ್ಷ ಉಳಿದದ್ದು ಒಂದು ಬೆಳಗಿನಲ್ಲಿ ಹೋಯಿತು. ಇವರು ಹತ್ತು ಕಡೆ ಚೆದುರಿದ್ದಾಗ ‘ಇದನ್ನು ಮುಟ್ಟಬೇಡಿ’ ಎಂದು ಯಾರು ಯಾರಿಗೆ ಹೇಳಬೇಕು? ಒಂದೇ ಬೀಡಿನಲ್ಲಿ, ಒಂದೇ ಬಾಗಿಲಲ್ಲಿ ಹೆಸರು ಬರೆಯಿಸಿ ಒಳಬಂದರೆ ಹೇಳಬಹುದು.

2025ರ ಮಾರ್ಚ್ ತಿಂಗಳಲ್ಲಿ ಸಾಣಾಪುರದ ಕಾಲುವೆಯ ಬಳಿ, ನಕ್ಷತ್ರ ನೋಡುತ್ತ ಕುಳಿತವರ ಮೇಲೆ ನಡೆದ ಘೋರ ಕೃತ್ಯವನ್ನು ಓದುಗರು ಮರೆತಿರಲಾರರು. ಕಾಲುವೆಗೆ ತಳ್ಳಲ್ಪಟ್ಟ ಯುವಕನೊಬ್ಬ ಸತ್ತ. ಆಗ “ರಾತ್ರಿ ಹೊರಗೇಕೆ ಇರಬೇಕಿತ್ತು?” ಎಂದು ಕೇಳಿದ ಸಭ್ಯರನ್ನು ನಾನು ಬಲ್ಲೆ. ನಕ್ಷತ್ರ ರಾತ್ರಿಯಲ್ಲಲ್ಲದೆ ಹಗಲು ಕಾಣುವುದೇ? ತಪ್ಪು ಪಾತಕಿಗಳದು. ಊರಿನ ಕಾವಲಿರುವ ಒಂದು ಬಯಲನ್ನು ನಾವು ಯಾರಿಗೂ ಒದಗಿಸಿರಲಿಲ್ಲವೆಂಬುದು ಮಾತ್ರ ನಮ್ಮದು.

ಹಾಗಾದರೆ ಬೀಡು ಹೇಗಿರಬೇಕು? ಹೊಸದಾಗಿ ಕುರುಚಲು ಕಾಡನ್ನು ಕಡಿದು ಮಾಡತಕ್ಕದ್ದಲ್ಲ. ಹಿಂದೆ ಕಲ್ಲು ಒಡೆದು ಹಾಳುಗೆಡವಿದ, ಇಲ್ಲವೆ ಬೀಳುಬಿದ್ದ ನೆಲವೊಂದನ್ನು, ಹೊಳೆಗೂ ಚಿತ್ರದ ಬಂಡೆಗಳಿಗೂ ದೂರವಾಗಿ, ಹಂಪೆಯ ಪ್ರಾಧಿಕಾರದ ಒಪ್ಪಿಗೆ ಪಡೆದು ಪಂಚಾಯತಿ ಆರಿಸಲಿ. ಗಾರೆಯ ಕಟ್ಟಡ ಬೇಡ. ಡೇರೆಗೆ ಮಣ್ಣಿನ ಕಟ್ಟೆಗಳು, ಬೇವು ಹೊಂಗೆಯ ನೆರಳು ಸಾಕು. ಸೌದೆ ಉರಿಸಕೂಡದು, ಆ ಒಣನೆಲದಲ್ಲಿ ಒಂದು ಪೊದೆ ಬೆಳೆಯಲು ಎಷ್ಟು ಮಳೆಗಾಲ ಬೇಕೆಂದು ಅಲ್ಲಿಯವರನ್ನು ಕೇಳಿ. ಹಸಿದವರು ಊರೊಳಗೆ ಹೋಗಿ ರೊಟ್ಟಿ ತಿನ್ನಲಿ. ಚಿರತೆ, ಕರಡಿ ಓಡಾಡುವ ಗುಡ್ಡಗಳಾದ್ದರಿಂದ ತಿಂಡಿಯನ್ನು ತಗಡಿನ ಪೆಟ್ಟಿಗೆಯಲ್ಲಿ ಬೀಗಹಾಕಿಡಬೇಕು. ಕೋತಿಗಳ ಮಾತು ಹೇಳಬೇಕಾಗಿಲ್ಲ. ಅದು ಕಿಷ್ಕಿಂಧೆಯೇ ಅಲ್ಲವೆ! ಸ್ನಾನದ ನೀರು ಬಾಳೆಗೆ. ಮಳೆ ಹಿಡಿದರೆ ಬೀಡು ಮುಚ್ಚಿತು. ನಲವತ್ತೊಂದನೆಯವನು ಬಂದರೆ, ಅವನು ಯಾವ ಮಂತ್ರಿಯ ಅಳಿಯನಾದರೂ ಸರಿಯೆ, ಜಾಗವಿಲ್ಲ.

ಇಷ್ಟು ಹೇಳಿದ ಮೇಲೆ ಹತ್ತುವ ಹುಡುಗರಿಗೂ ಎರಡು ಮಾತು. “ನಾವು ಪ್ರಕೃತಿಯ ಮಕ್ಕಳು, ಎಲ್ಲಿ ಬೇಕಾದರೂ ಮಲಗುತ್ತೇವೆ, ಬೇಲಿ ಬೇಡ” ಎನ್ನುತ್ತೀರಿ. ಪ್ರಕೃತಿಯ ಮಕ್ಕಳು ಒಬ್ಬಿಬ್ಬರಿದ್ದಾಗ ಆ ಮಾತು ಚೆನ್ನ. ಚಳಿಗಾಲದುದ್ದಕ್ಕೂ ತಂಡತಂಡವಾಗಿ ಬಂದಾಗ ಅದು ತೋಟದವಳ ಮೇಲೆ ಹೊರಿಸುವ ತೆರಿಗೆ.

ಈ ಲೇಖನದ ಕರಡನ್ನು ಧೈರ್ಯಮಾಡಿ ಮಲ್ಲೇಶ್ವರದ ಮಿತ್ರರಿಗೆ ಓದಿ ತೋರಿಸಿದೆ. ಎಲ್ಲವನ್ನೂ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು: “ಆ ಕಕ್ಕಸನ್ನು ತೊಳೆಯುವವರು ಯಾರು?” ಒಪ್ಪಿದೆ, ಪ್ರಶ್ನೆಯೆಂದರೆ ಇದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು 1970ರ ದಶಕದಲ್ಲೇ ಈ ರಾಜ್ಯದಲ್ಲಿ ನಿಷೇಧಿಸಿದರು. 2013ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆದರೂ ಎಲ್ಲಿ ಕಕ್ಕಸು ಕಟ್ಟಿದರೂ ಊರಿನ ಒಂದು ಕೇರಿಯ ಕಡೆಗೆ ನಮ್ಮ ಕಣ್ಣು ತಾನಾಗಿ ಹೊರಳುತ್ತದೆ. ಈ ಬೀಡು ನಡೆಯುವುದಾದರೆ ಆ ಕೇರಿಯಿಂದ ಒಬ್ಬರನ್ನೂ ಅದಕ್ಕೆ ಕರೆಯಕೂಡದು. ಬೂದಿ ಹಾಕುವುದು, ಕಕ್ಕಸು ತೊಳೆಯುವುದು, ವರ್ಷ ಕಳೆದ ಮೇಲೆ ಗೊಬ್ಬರವನ್ನು ತೋಡಿ ತೆಗೆಯುವುದು, ಎಲ್ಲವೂ ಅಲ್ಲಿ ಮಲಗುವವರ ಸರದಿ. ಹೆಸರು ಬರೆಯಿಸುವಾಗಲೇ ಸರದಿಯನ್ನೂ ಬರೆಯಿಸಬೇಕು.

“ಹಾಗೆಂದರೆ ಒಬ್ಬರೂ ಬರುವುದಿಲ್ಲ” ಎಂದರು ಮಿತ್ರರು, ಗೆದ್ದ ಧ್ವನಿಯಲ್ಲಿ. ಬೆರಳ ತುದಿಯ ಚರ್ಮ ಸುಲಿದು ರಕ್ತ ಬಂದರೂ ಅದೇ ಬಂಡೆಗೆ ಹದಿನೈದು ಸಲ ಬಿದ್ದು ಎದ್ದವರನ್ನು ನಾನು ನೋಡಿದ್ದೇನೆ. ಒಂದು ಬಕೀಟು ಬೂದಿಗೆ ಅವರು ಹೆದರುವರೆಂದು ನನಗೆ ತೋರುವುದಿಲ್ಲ. ಮಿತ್ರರು ಎರಡನೆಯ ಲೋಟ ಕಾಫಿ ಕೊಡಲಿಲ್ಲ.